ಎರಡೂ ಕಡೆಯ ಬಾಯಿ

ಫುಟ್‌ಬಾಲ್ ಫೈನಲ್ ಹತ್ತಿರ ಬಂತೆಂದರೆ ಬೀದಿ ಮೂಲೆಯ ಕ್ಷೌರಿಕನಿಗೆ ನೀಲಿ ತಂಡದ ಭೂತ ಮೆಟ್ಟಿಕೊಳ್ಳುತ್ತದೆ. ಮನೆಯಲ್ಲಿ ಟೊಮೆಟೊ ಬೇಯಿಸಗೊಡುವುದಿಲ್ಲ. ಕೆಂಪು ತಂಡದ ಅಭಿಮಾನಿ ಅಂಗಡಿಗೆ ಬಂದರೆ ಒಂದೇ ಕೆನ್ನೆ ಬೋಳಿಸಿ, "ಇನ್ನೊಂದು ನೀವು ಸೋತ ಮೇಲೆ" ಎಂದು ಕುರ್ಚಿಯಿಂದ ಎಬ್ಬಿಸುತ್ತಾನೆ. ಕೆಂಪು ತಂಡದ ಕಟ್ಟಾ ಅಭಿಮಾನಿಯೆಂದರೆ ಅವನ ಅಕ್ಕನ ಗಂಡ. ಇವರಿಬ್ಬರ ಜಗಳ ಕೇಳಲೆಂದೇ ಜನ ಕೂದಲು ಬೆಳೆಸುತ್ತಿದ್ದರು. ಈ ವರ್ಷ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಭಾವನ ದನಿಯೇ ಹೋಗಿದೆ. ಆದ್ದರಿಂದ ಕ್ಷೌರಿಕ ಭಾವ ಕೂತ ಕುರ್ಚಿಯ ಎಡಕ್ಕೆ ನಿಂತು ಕೆಂಪು ತಂಡವನ್ನು ಬೈಯುತ್ತಾನೆ, ಬಲಕ್ಕೆ ಬಂದು ಭಾವನ ಪರವಾಗಿ ತನ್ನನ್ನೇ ಬೈದುಕೊಳ್ಳುತ್ತಾನೆ. ಸಾಲದೆಂದು ಭಾವ ತಲೆಯಾಡಿಸಿದರೆ ಇನ್ನಷ್ಟು ಖಾರ ಬೆರೆಸುತ್ತಾನೆ. ಕೊನೆಗೆ ಭಾವನ ಎರಡೂ ಕೆನ್ನೆ ನುಣ್ಣಗೆ ಬೋಳಿಸಿ ಹೇಳುತ್ತಾನೆ: "ನಾಳೆ ನಿಮ್ಮೋರು ಗೋಲ್ ಹೊಡೆದ್ರೆ ನಿಮ್ಮ ಬದಲು ನಾನೇ ಕೂಗ್ತೀನಿ ಭಾವ. ಅವರೆಲ್ಲಿ ಹೊಡೀತಾರೆ ಬಿಡಿ!"