ವೆಂಕಟಮ್ಮ ಒಪ್ಪಬೇಕಾದ ಹಾಡು

ಹಲಸೂರಿನ ಚಿಕ್ಕಮುನಿಯಮ್ಮ ಬೆಳಗ್ಗೆ ಶಿವಾಜಿನಗರದ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುತ್ತಿದ್ದಳು. ಬಿಡುವಾದಾಗ ಸತ್ತವರ ಮೇಲೆ ಹಾಡು ಕಟ್ಟುತ್ತಿದ್ದಳು. ಅವಳ ಬೀದಿಯ ವಾಡಿಕೆ ಅದು. ಹನ್ನೊಂದನೆಯ ದಿನ ಊಟವಾದ ಮೇಲೆ ಅವಳು ಸತ್ತವರ ಕಥೆ ಹಾಡಬೇಕು, ಕೂತ ಹೆಂಗಸರು ಸಾಲನ್ನು ಮರಳಿ ಹೇಳಿ ಸೊಲ್ಲು ಹಿಡಿಯಬೇಕು. ಮೊದಲ ಸೊಲ್ಲು ಮನೆಯ ಹೆಂಗಸಿನದು. ಅವಳು ಬಾಯಿ ತೆರೆಯದಿದ್ದರೆ ಯಾರೂ ತೆರೆಯರು. ಹಾಡು ಅಲ್ಲಿಗೆ ಬಿದ್ದುಹೋಯಿತು.

ನಲವತ್ಮೂರನೇ ಇಸವಿಯ ಬೇಸಿಗೆಯಲ್ಲಿ ಗಾಡಿ ಹೊಡೆಯುವ ಪಿಳ್ಳಪ್ಪ ಕೆರೆಯಲ್ಲಿ ಮುಳುಗಿ ಸತ್ತ. ಅದೇ ಬೀದಿಯ ಲತೀಫ್ ಸಾಬರು ಮೈ ತೊಳೆಯಲು ಇಳಿಸಿದ್ದ ಎತ್ತು ಕೆಸರಿನಲ್ಲಿ ಸಿಕ್ಕಿಕೊಂಡಿತ್ತು. ಬಿಡಿಸಲು ಪಿಳ್ಳಪ್ಪ ಹಾರಿದ. ಎತ್ತು ದಡ ಸೇರಿತು, ಅವನು ಸೇರಲಿಲ್ಲ. ಕುಡಿದು ಬಿದ್ದ ಎಂದು ಬೀದಿಯೆಲ್ಲ ಆಡಿಕೊಂಡಿತು. ಹೆಂಡತಿ ವೆಂಕಟಮ್ಮನಿಗೆ ಬೇಕಿದ್ದುದು ಒಂದೇ: ಆ ಮಾತನ್ನು ಹಾಡು ಅಳಿಸಬೇಕು.

ಹನ್ನೊಂದನೆಯ ದಿನ ಚಿಕ್ಕಮುನಿಯಮ್ಮ ಕಣ್ಣು ಮುಚ್ಚಿ ಹಾಡು ಎತ್ತಿಕೊಂಡಳು:

ಕೆರೆಯ ಗಂಗಮ್ಮ ಬಾಗಿಲ ತೆರೆದಾಳೆ
ತಾವರೆ ಚಪ್ಪರ ಹಾಕ್ಯಾಳೆ, ಪಿಳ್ಳಪ್ಪ
ಮದುವಣಿಗನಾಗಿ ಇಳಿದಾನೆ

“ನಿಲ್ಸಮ್ಮ!” ವೆಂಕಟಮ್ಮ ಎದ್ದೇ ನಿಂತಳು. “ಇಪ್ಪತ್ತೆಂಟು ವರ್ಷ ನನ್ ಬಿಟ್ಟು ಇನ್ನೊಬ್ಬಳ್ನ ನೋಡ್ದೋನಲ್ಲ. ಈಗ ಗಂಗಮ್ಮನ್ನ ಸವತಿ ಮಾಡ್ತೀಯಾ ನಂಗೆ?”

“ಅಯ್ಯೋ, ಹಾಡಲ್ಲಿ ಹಂಗೇ ಹೇಳೋದು ಕಣಮ್ಮ! ಮುಳುಗಿ ಸತ್ತ ಅಂದ್ಬಿಟ್ರೆ ಒಂದೇ ಸಾಲಿಗೆ ಮುಗ್ದೋಯ್ತದೆ.”

“ಮುಗೀಲಿ.”

ಮೈದುನ ರಾಮಾಂಜಿನಪ್ಪ ಬಾಯಿ ಹಾಕಿದ. “ಹುಲಿ ಥರ ನೆಗೆದ ಅಂತ ಹಾಕಕ್ಕ.”

“ಹುಲಿ ಎತ್ತನ್ನ ತಿಂತದೆ ಕಣಣ್ಣ, ಕಾಪಾಡಲ್ಲ!”

“ಆನೆ ಅನ್ನಿ,” ಎಂದರು ಲತೀಫ್ ಸಾಬರು.

“ಆನೆಗೆ ಈಜು ಬರ್ತದೆ ಸಾಬ್ರೇ!” ಚಿಕ್ಕಮುನಿಯಮ್ಮ ಹಣೆ ಚಚ್ಚಿಕೊಂಡಳು. “ನಾನೇನು ಹಾಡು ಕಟ್ಲಾ, ಕಾಡು ಕಟ್ಲಾ? ವೆಂಕಟಮ್ಮ, ನೀನೇ ಹೇಳ್ಬಿಡು. ಹೆಂಗ್ ಹೋದ?”

ವೆಂಕಟಮ್ಮ ಗೋಡೆ ನೋಡುತ್ತ ಹೇಳಿದಳು. “ಹೆಗಲ ಮೇಲಿದ್ದ ಟವಲ್ ತೆಗ್ದು, ಮಡಿಸಿ, ಮೆಟ್ಲ ಮೇಲಿಟ್ಟು ಹಾರ್ದ. ಮಡಿಕೆ ಬಿಚ್ದೆ ಎತ್ಕೊಂಡ್ ಬಂದೋಳು ನಾನೇ. ಕುಡ್ದೋನು ಟವಲ್ ಮಡಿಸ್ತಾನಾ?”

“ಹೌದಮ್ಮಾ,” ಲತೀಫ್ ಸಾಬರ ದನಿ ಇಳಿಯಿತು. “ಎತ್ತು ಮುಳುಗ್ತಾ ಐತೆ, ನೀನು ಟವಲ್ ಮಡಿಸ್ತೀಯಾ ಅಂತ ನಾನೇ ಬೈದೆ.”

“ಇದನ್ನ ಹನ್ನೊಂದು ದಿನ ಹೊಟ್ಟೇಲಿಟ್ಕೊಂಡಿದ್ಯೇನೇ, ನಮ್ಮವ್ವ!” ಎಂದಳು ಚಿಕ್ಕಮುನಿಯಮ್ಮ.

“ನೀನು ಕೇಳಿದ್ಯಾ? ಬಂದೋಳೇ ಚಪ್ಪರ ಹಾಕ್ಬಿಟ್ಟೆ.”

ಚಿಕ್ಕಮುನಿಯಮ್ಮ ಬೆರಳಲ್ಲಿ ತಾಳ ಎಣಿಸಿದಳು. ಸ್ವಲ್ಪ ಹೊತ್ತು ತುಟಿ ಆಡಿಸಿ, ಹೊಸದಾಗಿ ಎತ್ತಿದಳು:

ಮಡಿಸಿದ ಟವಲು ಮೆಟ್ಟಿಲಲಿ ಕಾದೈತೆ
ನಾಕೇ ಮಡಿಕೆ, ಸುಕ್ಕಿಲ್ಲ, ಪಿಳ್ಳಪ್ಪನ
ನಡುಗದ ಕೈಯ ನೆನೆದೈತೆ

ಹೆಂಗಸರೆಲ್ಲ ವೆಂಕಟಮ್ಮನ ಬಾಯಿ ನೋಡಿದರು.

“ನಾಕಲ್ಲ,” ಎಂದಳು ಅವಳು. “ಮೂರು.”

ಚಿಕ್ಕಮುನಿಯಮ್ಮ ಹಲ್ಲು ಕಚ್ಚಿದಳು. “ಮೂರೇ ಮಡಿಕೆ,” ಎಂದು ತಿದ್ದಿ ಹಾಡಿದಳು.

ವೆಂಕಟಮ್ಮ ಕೂತಳು, ಸೆರಗು ಸರಿಮಾಡಿಕೊಂಡಳು, ಸೊಲ್ಲೆತ್ತಿದಳು. ಹಿಂದೆಯೇ ಉಳಿದವರೆಲ್ಲ ಹಿಡಿದರು.