ತೊಲೆಯ ತುದಿಯಲ್ಲಿ ಕೂತ ತ್ರ್ಯಂಬಕ

ನನ್ನ ಗಂಡ ತ್ರ್ಯಂಬಕ ಶಿಕಾರಿಪುರದ ಕಾಲೇಜೊಂದರಲ್ಲಿ ಗಣಿತದ ಮೇಷ್ಟ್ರು. ಪಿಎಚ್‌ಡಿಗೆಂದು ಒಂಬತ್ತು ವರ್ಷದಿಂದ ಒಂದೇ ತೊಲೆಯ ಲೆಕ್ಕ ಹಾಕುತ್ತಿದ್ದರು. ಒಂದು ತುದಿ ಗೋಡೆಯೊಳಗೆ, ಇನ್ನೊಂದು ಗಾಳಿಯಲ್ಲಿ. ತುದಿಗೆ ಭಾರ ಬಿದ್ದರೆ ಎಷ್ಟು ಬಾಗುತ್ತದೆ? ತೊಲೆಯ ದಪ್ಪ ಕೂದಲೆಳೆಯ ಸಾವಿರದಲ್ಲೊಂದು ಪಾಲು. ಅದನ್ನು ನಾನೂ ಕಂಡಿಲ್ಲ, ಇವರೂ ಕಂಡಿಲ್ಲ. ಸಿಟ್ಟು ಬರದೆ ಇರುತ್ತದೆಯೇ?

ಅಷ್ಟು ಚಿಕ್ಕ ತೊಲೆ ಸಿದ್ಧಾಂತದ ಪ್ರಕಾರ ದೊಡ್ಡದಕ್ಕಿಂತ ಹೆಚ್ಚು ಬಾಗಬೇಕಂತೆ. ಇವರ ಲೆಕ್ಕದಲ್ಲಿ ಬೇರೆ ನಮೂನೆಯ ತೊಲೆಗಳೆಲ್ಲ ಹಾಗೇ ಬಾಗಿದವು. ಇದೊಂದು ಮಾತ್ರ ದೊಡ್ಡ ತೊಲೆಯಷ್ಟೇ ಬಾಗಿ ಹಟ ಹಿಡಿದಿತ್ತು. ಸೋಮವಾರ ಪ್ರಬಂಧ ಕೊಡದಿದ್ದರೆ ಪಿಎಚ್‌ಡಿ ನೋಂದಣಿಯೇ ರದ್ದು. ಇದ್ದ ಹಾಗೇ ಕೊಡಿ ಎಂದು ಗೋಗರೆದು, ಶನಿವಾರ ಬೈಂಡ್ ಮಾಡಿಸಿ, ಭಾನುವಾರ ಸೊರಬದ ಜಡೆಗೆ, ನನ್ನ ತವರಿಗೆ ಎಳೆದೊಯ್ದೆ.

ಅಲ್ಲಿ ಅಪ್ಪ ಕಾರು ನಿಲ್ಲಿಸಲು ಹೆಂಚಿನ ಮಾಡು ಕಟ್ಟಿಸುತ್ತಿದ್ದರು. ಬಡಗಿ ಮಂಜಪ್ಪನದೊಂದು ಪದ್ಧತಿ: ಗೋಡೆಯಿಂದ ಚಾಚಿದ ತೊಲೆಯ ತುದಿಯಲ್ಲಿ ಮನೆಯವರೊಬ್ಬರು ಕೂರದೆ ಹೆಂಚು ಹೊದಿಸುವುದಿಲ್ಲ. ಅಪ್ಪನಿಗೆ ಮಂಡಿನೋವು. ಹತ್ತಿದ್ದು ಅಳಿಯ. ಪಂಚೆ ಎತ್ತಿ ಕಟ್ಟಿ ಕೂತು, ಅಂಗಿ ಜೇಬಿನಿಂದ ಸ್ಕೇಲ್ ತೆಗೆದು, ತುದಿ ಎಷ್ಟು ಇಳಿಯಿತೆಂದು ಅಳೆಯತೊಡಗಿದರು. ಮಂಜಪ್ಪ ಅತ್ತ ತಿರುಗಿಯೂ ನೋಡಲಿಲ್ಲ. ತೊಲೆ ಹೊಕ್ಕಲ್ಲಿ ಗೋಡೆಗೆ ಕಿವಿಯಿಟ್ಟು ನಿಂತಿದ್ದ.

"ಅಳಿಯಂದ್ರೆ, ತುದಿ ನೋಡಿ ಏನ್ ಮಾಡ್ತೀರಿ? ಗೋಡೆ ಹಿಡ್ತ ಸಡಿಲ ಇದ್ರೆ ತುದಿ ಲೆಕ್ಕ ಎಲ್ಲ ಸುಳ್ಳು."

ಇವರು ಸ್ಕೇಲನ್ನು ಜೇಬಿಗಿಟ್ಟರು. ಆಮೇಲೆ ನಗತೊಡಗಿದರು. ಗೋಡೆ ಬಿಗಿಯಾಗಿ ಹಿಡಿದಿದೆ ಎಂದು ಪ್ರಬಂಧದ ಮೊದಲ ಪುಟದಲ್ಲೇ ಬರೆದವರು ಮತ್ತೆ ಆ ಕಡೆ ತಲೆಹಾಕಿರಲೇ ಇಲ್ಲ. ಅಷ್ಟು ಚಿಕ್ಕ ತೊಲೆಯಲ್ಲಿ ಗೋಡೆಯೊಳಗಿನ ಬುಡದಲ್ಲಿ ಆದದ್ದು ಮೈಗೆಲ್ಲ ತಟ್ಟುತ್ತದಂತೆ.

"ತುಂಗಾ, ನೂರೆಂಬತ್ತು ಪುಟವೂ ತಪ್ಪು ಕಣೆ," ಎಂದರು, ಲಾಟರಿ ಹೊಡೆದವರ ಹಾಗೆ.

ನಾನು ಅಂಗಳದಲ್ಲೇ ಅತ್ತುಬಿಟ್ಟೆ. ಮಹಾನುಭಾವರು ಊಟಕ್ಕೂ ಇಳಿಯಲಿಲ್ಲ. ಸಿಮೆಂಟ್ ಚೀಲ ಹರಿದು, ಅದರ ಮೇಲೆ ಹೊಸ ಲೆಕ್ಕ ಬರೆದರು. ಬೈಯುತ್ತಲೇ ಏಣಿ ಹತ್ತಿ ತಟ್ಟೆ ಕೊಟ್ಟವಳು ನಾನೇ.

ಸೋಮವಾರ ಪ್ರಬಂಧ ಕೊಟ್ಟರು, ಕೊನೆಗೆ ಒಂದು ಪುಟ ಅಂಟಿಸಿ: ಹಿಂದಿನದೆಲ್ಲ ತಪ್ಪು, ಕಾರಣ ಇದು, ತೋರಿಸಿಕೊಟ್ಟವರು ಬಡಗಿ ಮಂಜಪ್ಪ, ಜಡೆ. ಆರು ತಿಂಗಳ ಮೇಲೆ ಪರೀಕ್ಷಕರು ಆ ಒಂದು ಪುಟಕ್ಕೇ ಪದವಿ ಕೊಟ್ಟರು.

ಆ ಪುಟದ ಪ್ರತಿ ಹಿಡಿದು ಜಡೆಗೆ ಹೋದೆವು. ತೊಲೆ ಹೊಕ್ಕಲ್ಲಿ ಗೋಡೆಯಲ್ಲಿನ್ನೂ ಒಂದು ಸಂದಿ ಉಳಿದಿದೆಯೆಂದು ಮಂಜಪ್ಪ ಹೆಂಚು ಹೊದಿಸಿರಲೇ ಇಲ್ಲ. ತನ್ನ ಹೆಸರನ್ನು ಬೆರಳಿಟ್ಟು ಓದಿದ. ಪುಟವನ್ನು ಎಂಟು ಮಡಿಕೆ ಮಾಡಿ, ಆ ಸಂದಿಗೆ ಹೊಡೆದು ಕೂರಿಸಿದ.

"ಈಗ ಹತ್ತಿ ಕೂರ್ರಿ," ಎಂದ.

ಇವರು ಏಣಿ ಹಿಡಿದರು. ಹತ್ತಿ ಕೂತವಳು ನಾನು.