ಫ್ರಾನ್ಸಿನ ಮೆಟ್ಟಿಲೆಣಿಸುವ ಗಂಗಕ್ಕ

ಅಮೆರಿಕದಲ್ಲಿ ಶನಿವಾರ ಬೆಳಗಿನ ಆರೂ ಕಾಲು. ಮಾರಿಸ್‌ವಿಲ್‌ನ ಆಫೀಸು ಕಟ್ಟಡಗಳು ಇನ್ನೂ ಮುಸುಕು ಹೊದ್ದು ಮಲಗಿವೆ. ಅವುಗಳ ಪಕ್ಕದ ನಾಲ್ಕಂತಸ್ತಿನ ಪಾರ್ಕಿಂಗ್ ಡೆಕ್‌ನ ಮೆಟ್ಟಿಲ ಕಡೆಯಿಂದ ಮಾತ್ರ ದೊಡ್ಡ ಗಂಟಲೊಂದು ಕೇಳಿಬರುತ್ತಿದೆ. "ಹತ್ತೂವಾಗ ಛಲೋ ಕಾಲು ಮೊದಲ! ಇಳಿಯೂವಾಗ ನೋವಿನ ಕಾಲು ಮೊದಲ! ಗಡಿಬಿಡಿ ಬ್ಯಾಡ್ರಿ, ರೈಲೇನು ತಪ್ಪಂಗಿಲ್ಲ!"

ಇಣುಕಿ ನೋಡಿದರೆ ಇಳಕಲ್ ಸೀರೆಗೆ ಸ್ನೀಕರ್ಸ್ ಹಾಕಿಕೊಂಡ ಅಜ್ಜಿಯರು, ಏಪ್ರಿಲ್ ತಿಂಗಳಲ್ಲೂ ಮಂಕಿ ಕ್ಯಾಪ್ ಬಿಡದ ಅಜ್ಜಂದಿರು, ಒಟ್ಟು ಒಂಬತ್ತು ಮಂದಿ, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದಾರೆ. ಮೈಸೂರಿನಿಂದ ಮಗಳ ಮನೆಗೆ ಬಂದಿರುವ ಎಪ್ಪತ್ತೆರಡರ ಹರಿಪ್ರಸಾದ ಮೂರನೆಯ ತಿರುವಿನಲ್ಲಿ ನಿಂತು ಏದುಸಿರು ಬಿಡುತ್ತಾರೆ. "ಗಂಗಮ್ಮಾ, ನಾವ್ ಹೋಗ್ತಿರೋದು ಫ್ರಾನ್ಸ್ ನೋಡೋಕೋ, ಮಿಲಿಟರಿ ಸೇರೋಕೋ?"

"ಮಿಲಿಟರಿ ಸೇರಿದ್ರ ಪೆನ್ಶನ್ ಬರತೈತ್ರಿ ಅಂಕಲ್. ಇಲ್ಲಿ ಅದೂ ಇಲ್ಲ. ಹತ್ರಿ, ಹತ್ರಿ."

ಹೀಗೆ ದಬಾಯಿಸುವವರು ಗಂಗಾಂಬಿಕಾ ಪಟ್ಟಣಶೆಟ್ಟಿ. ವಯಸ್ಸು ಐವತ್ತೆಂಟು, ಊರು ಬಾಗಲಕೋಟೆ. ಎಂಜಿನಿಯರ್ ಗಂಡ ಬಸವಕುಮಾರ್ ಜೊತೆ ನಾರ್ತ್ ಕ್ಯಾರೊಲಿನಾಕ್ಕೆ ಬಂದು ಇಪ್ಪತ್ತೆರಡು ವರ್ಷವಾಯಿತು. ವಾರದ ದಿನಗಳಲ್ಲಿ ಹತ್ತಿರದ ಎಲಿಮೆಂಟರಿ ಶಾಲೆಯಲ್ಲಿ ಟೀಚರ್ ಅಸಿಸ್ಟೆಂಟ್. ಒಂಬತ್ತು ವಾರ ಪಾಠ, ಮೂರು ವಾರ ರಜೆ ಎಂಬ ಲೆಕ್ಕದಲ್ಲಿ ವರ್ಷವಿಡೀ ನಡೆಯುವ ಶಾಲೆ ಅದು. ಆ ರಜೆಗಳೆಲ್ಲ ಎಲ್ಲಿ ಹೋಗುತ್ತವೆ ಎಂದು ಬಸವಕುಮಾರ್ ಅವರನ್ನು ಕೇಳಿದರೆ ಅವರು ಕೈಯಾಡಿಸಿ ನಗುತ್ತಾರೆ. "ಎಲ್ಲಾ ಫ್ರಾನ್ಸಿಗೇ ಹೋಗ್ತಾವ್ರಿ. ನಾ ಮನ್ಯಾಗ ಉಪ್ಪಿಟ್ಟು ಮಾಡ್ಕೊಂಡು ಇರ್ತೀನಿ."

ಫ್ರಾನ್ಸಿನ ಲ್ವಾರ್ ನದಿಯ ಬಯಲಿನಲ್ಲಿ ಹಳೆಯ ಕೋಟೆ ಅರಮನೆಗಳು ಸಾಲಾಗಿವೆ. ಅಲ್ಲಿನವರು ಶಾತೋ ಅನ್ನುತ್ತಾರೆ. ನದಿಯ ಮೇಲೇ ಸೇತುವೆಯಂತೆ ನಿಂತ ಶೆನಾನ್ಸೋ, ಒಂದರೊಳಗೊಂದು ಸುತ್ತಿಕೊಂಡ ಜೋಡಿ ಮೆಟ್ಟಿಲಿನ ಶಾಂಬೋರ್, ಅಳತೆ ಹಿಡಿದು ಕತ್ತರಿಸಿದ ಬೇಲಿಗಳ ಉದ್ಯಾನಗಳು. 2022ರಿಂದ ವರ್ಷಕ್ಕೊಮ್ಮೆ, ಜೂನ್ ತಿಂಗಳಲ್ಲಿ, ಗಂಗಾಂಬಿಕಾ ಅಲ್ಲಿಗೆ ಇಪ್ಪತ್ತೆರಡು ಮಂದಿಯನ್ನು ಕರೆದುಕೊಂಡು ಹೋಗುತ್ತಾರೆ. ಅಮೆರಿಕದ ರೆಸ್ಟನ್, ಜಾನ್ಸ್ ಕ್ರೀಕ್, ಮಾರಿಸ್‌ವಿಲ್‌ಗಳಲ್ಲಿ ಮಕ್ಕಳ ಮನೆಗೆಂದು ಬಂದ ಕನ್ನಡದ ತಂದೆ ತಾಯಂದಿರು, ಅತ್ತೆ ಮಾವಂದಿರು. ಅರವತ್ತೈದಕ್ಕಿಂತ ಚಿಕ್ಕವರಿಗೆ ಪ್ರವೇಶವಿಲ್ಲ. ಗಂಗಾಂಬಿಕಾ ಅವರಿಗೆ ಸಿಗುವುದು ತಮ್ಮ ಟಿಕೆಟ್ಟು, ಅಷ್ಟೇ. ಹೊರಟ ಮೇಲೆ ನಿಯಮಗಳ ಪಟ್ಟಿಯಿಲ್ಲ. ಇರುವುದು ಒಂದೇ ನಿಯಮ. ಬಸ್ಸಿನಲ್ಲಿ ಯಾರೂ ಕೂರುವಂತಿಲ್ಲ.

ಆ ನಿಯಮ ಹುಟ್ಟಿದ್ದು ಸಿಟ್ಟಿನಿಂದ. 2019ರಲ್ಲಿ ಅತ್ತೆ ಶಿವಕ್ಕನವರನ್ನು ಕರೆದುಕೊಂಡು ಯಾವುದೋ ಪ್ಯಾಕೇಜ್ ಟೂರಿನಲ್ಲಿ ಫ್ರಾನ್ಸಿಗೆ ಹೋಗಿದ್ದರು. ಅರಮನೆಯ ಗೇಟಿನ ಮುಂದೆ ಗೈಡ್ ಶಿವಕ್ಕನವರ ಕಾಲು ನೋಡಿದ, ಗಡಿಯಾರ ನೋಡಿದ, ಅಜ್ಜಿ ಬಸ್ಸಿನಲ್ಲೇ ಇರಲಿ ಅಂದ. ಶಿವಕ್ಕನವರೂ, ತಮ್ಮಿಂದ ಯಾರಿಗೂ ತೊಂದರೆ ಬೇಡವೆಂದು, ನೀವು ಹೋಗಿ ಬನ್ನಿ ಅಂದರು. ಮೂರು ತಾಸು! ಎಂಥ ಜನ ಇವರು? ಬಾಗಲಕೋಟೆಯಿಂದ ಫ್ರಾನ್ಸಿನವರೆಗೆ ಬಂದ ಎಪ್ಪತ್ತಾರರ ಜೀವ ಪಾರ್ಕಿಂಗ್ ಲಾಟಿನಲ್ಲಿ ಬೇರೆ ಬಸ್ಸುಗಳನ್ನು ನೋಡುತ್ತ ಕೂತಿತ್ತು.

"ನಾವು ವಾಪಸ್ ಬಂದ ಕೂಡಲೇ ಕೇಳಿದ್ರು, 'ಹೆಂಗಿತ್ತವಾ ತೋಟ?' ಅಂತ," ಎಂದು ಗಂಗಾಂಬಿಕಾ ನೆನೆಯುತ್ತಾರೆ. "ನಾ ಏನ್ ಹೇಳ್ಲಿ? 'ಏನೂ ಇರಲಿಲ್ಲತ್ತಿ, ಬರೇ ಹುಲ್ಲು' ಅಂದೆ. ಸುಳ್ಳು ಹೇಳಿದೆ. ಅವ್ರು ಸಮಾಧಾನ ಮಾಡ್ಕೊಂಡ್ರು. ಎರಡು ವರ್ಷಕ್ಕ ತೀರ್ಕೊಂಡ್ರು. ಆ ಸುಳ್ಳು ನನ್ನ ಹೊಟ್ಯಾಗ ಹಂಗ ಕುಂತೈತ್ರಿ."

ಹಾಗಾಗಿ ಈಗ ಪ್ರತಿ ಅಕ್ಟೋಬರಿನ ರಜೆಯಲ್ಲಿ ಒಬ್ಬರೇ ಫ್ರಾನ್ಸಿಗೆ ಹೋಗುತ್ತಾರೆ. ಎಂಟು ದಿನ, ರೈಲು ಮತ್ತು ಲೋಕಲ್ ಬಸ್ಸು. ಬೇರೆಯವರು ಚಿತ್ರ ನೋಡುವಲ್ಲಿ, ಮಂಚ ನೋಡುವಲ್ಲಿ, ಇವರು ನೆಲ ನೋಡುತ್ತಾರೆ. ಮೆಟ್ಟಿಲೆಷ್ಟು, ಎತ್ತರವೆಷ್ಟು, ಕಂಬಿ ಎಡಕ್ಕೋ ಬಲಕ್ಕೋ, ನೆರಳಿನ ಬೆಂಚು ಎಲ್ಲಿ, ಬಾತ್‌ರೂಮು ಎಷ್ಟು ದೂರ. ಎಡ ಜೇಬಿನ ತುಂಬ ಶೇಂಗಾ ಇಟ್ಟುಕೊಳ್ಳುತ್ತಾರೆ. ಹತ್ತು ಮೆಟ್ಟಿಲಿಗೆ ಒಂದು ಕಾಳು ಬಲ ಜೇಬಿಗೆ. ಒಮ್ಮೆ ಮಾತ್ರ ಎಣಿಕೆ ತಪ್ಪಿದೆಯಂತೆ, ಹಸಿವಾಗಿ ಬಲ ಜೇಬಿಗೇ ಕೈ ಹಾಕಿ ಎಣಿಕೆ ತಿಂದುಬಿಟ್ಟಿದ್ದರು. ಮತ್ತೆ ಕೆಳಗಿಳಿದು ಮೊದಲಿನಿಂದ ಎಣಿಸಿದರು. ಯಾವ ಅರಮನೆಗೆ ಎಷ್ಟು ಮೆಟ್ಟಿಲು, ಎಷ್ಟು ಬೆಂಚು ಎಂಬುದು ಈಗ ಅವರ ನಾಲ್ಕು ನೋಟ್‌ಬುಕ್ಕುಗಳಲ್ಲಿದೆ. ಅವುಗಳಲ್ಲಿ ರಾಜರ ಹೆಸರು ಒಂದೂ ಇಲ್ಲ.

ಕಾಲಿನಿಂದಲೇ ಎಣಿಸಬೇಕೆಂಬ ಹಟ ಬಂದದ್ದು ಮೊದಲ ಯಾತ್ರೆಯ ಎಡವಟ್ಟಿನಿಂದ. ಅರಮನೆಯ ಬೋರ್ಡಿನಲ್ಲಿ ರಾಣಿಯ ಕೋಣೆ ಒಂದನೆಯ ಮಹಡಿ ಎಂದಿತ್ತು. ಅಮೆರಿಕದಲ್ಲಿ ಒಂದನೆಯ ಮಹಡಿ ಎಂದರೆ ನೆಲದ ಮಟ್ಟ. ಗಂಗಾಂಬಿಕಾ ಎಲ್ಲರಿಗೂ ಭರವಸೆ ಕೊಟ್ಟುಬಿಟ್ಟರು, ರಾಣಿ ಕೋಣೆಗೆ ಮೆಟ್ಟಿಲೇ ಇಲ್ಲ ಎಂದು. ಬಾಗಿಲು ದಾಟಿದರೆ ಎದುರಿಗೆ ಮೂವತ್ತೆರಡು ಮೆಟ್ಟಿಲು! ಅಜ್ಜಿಯರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ಅಲ್ಲವ್ವಾ, ನಮ್ಮೂರಾಗೂ ನೆಲ ಬಿಟ್ಟು ಮಹಡಿ ಎಣಿಸ್ತಾರ. ಅದನ್ನೂ ಮರತೆಲ್ಲ, ಪಕ್ಕಾ ಅಮೆರಿಕದಾಕಿ ಆದಿ ನೀ" ಎಂದರು. ನಗುತ್ತಲೇ ಅವತ್ತು ಏಳು ಜನ ಕೆಳಗೆ ಉಳಿದರು. ಗಂಗಾಂಬಿಕಾ ನಗಲಿಲ್ಲ. ಅಂದಿನಿಂದ ಯಾವ ಬೋರ್ಡನ್ನೂ ನಂಬುವುದಿಲ್ಲ.

ಫ್ರಾನ್ಸಿನ ಮೆಟ್ಟಿಲು ಎಣಿಸಿದರಷ್ಟೇ ಸಾಲದು, ಇಲ್ಲಿನ ಮೊಣಕಾಲು ತಯಾರಾಗಬೇಕಲ್ಲ? ಅದಕ್ಕೇ ಹತ್ತು ಶನಿವಾರಗಳ ಈ ಪಾರ್ಕಿಂಗ್ ಡೆಕ್ ತಾಲೀಮು. ರೆಸ್ಟನ್ ಮತ್ತು ಜಾನ್ಸ್ ಕ್ರೀಕ್‌ನವರು ತಮ್ಮ ತಮ್ಮ ಮನೆಯ ಮೆಟ್ಟಿಲು ಹತ್ತುತ್ತಾರೆ, ಫೋನಿನ ವಿಡಿಯೋದಲ್ಲಿ ಇವರ ಬೈಗುಳ ಕೇಳುತ್ತ. ಈ ವರ್ಷದ ತಾಲೀಮಿನಲ್ಲಿ ಎಲ್ಲರಿಗಿಂತ ನಿಧಾನ, ಎಲ್ಲರಿಗಿಂತ ಹಟಮಾರಿ ವಿದ್ಯಾವತಿ. ವಿಜಯಪುರದವರು, ವಯಸ್ಸು ಎಂಬತ್ತು, ಹಿತ್ತಿಲಿನಲ್ಲಿ ಐವತ್ತು ವರ್ಷ ಬದನೆ, ಮೆಂತ್ಯೆ, ಗಜ್ಜರಿ ಬೆಳೆದವರು. ಒಂದು ಅರಮನೆಯಲ್ಲಿ ಕಾಯಿಪಲ್ಲೆಯನ್ನೇ ರಂಗೋಲಿಯಂತೆ ನೆಟ್ಟಿದ್ದಾರೆ ಎಂದು ಗಂಗಾಂಬಿಕಾ ಫೋಟೋ ತೋರಿಸಿದ್ದೇ ತಡ, ಅದನ್ನು ನೋಡಲೇಬೇಕೆಂದು ಹಿಡಿದು ಕೂತರು.

ತೊಡಕೇನೆಂದರೆ ಆ ರಂಗೋಲಿ ಕಾಣುವುದು ಮೇಲಿನಿಂದ. ಕೆಳಗೆ ನಿಂತರೆ ಬರಿಯ ಬದನೆ ಗಿಡ, ಕೋಸು. ತೋಟದ ಪಕ್ಕದ ಎತ್ತರದ ಜಗಲಿಗೆ, ಅಂದರೆ ಟೆರೇಸಿಗೆ, ಎಪ್ಪತ್ತನಾಲ್ಕು ಮೆಟ್ಟಿಲು, ಲಿಫ್ಟಿಲ್ಲ. ಅರಮನೆ ಯಾವುದೆಂದು ಗಂಗಾಂಬಿಕಾ ಪತ್ರಿಕೆಗೆ ಹೇಳುವುದಿಲ್ಲ, ಹೇಳಿದರೆ ಮುಂದಿನ ವರ್ಷ ಬೆಂಚು ಸಿಗುವುದಿಲ್ಲವಂತೆ!

ವಿದ್ಯಾವತಿಯವರ ಮಗ ಶಶಿಕಾಂತ್ ಮೂಳೆ ಡಾಕ್ಟರು. ಮೇ ತಿಂಗಳ ಒಂದು ಶನಿವಾರ ತಾಲೀಮಿಗೆ ಬಂದು ನೋಡಿ, ಮುಖ ಗಂಟಿಕ್ಕಿಕೊಂಡು ಗಂಗಾಂಬಿಕಾ ಅವರನ್ನು ಪಕ್ಕಕ್ಕೆ ಕರೆದರು. "ಅಕ್ಕಾರ, ಅವ್ವ ಬರ್ಲಿ, ಬ್ಯಾಡ ಅನ್ನಂಗಿಲ್ಲ. ಆದ್ರ ಆ ಟೆರೇಸ್ ಒಂದ್ ಸ್ಕಿಪ್ ಮಾಡ್ಸ್ರಿ. ಬಸ್ಸಿನಾಗ ಕೂಡ್ಲಿ. ಆಕೀ ಎಕ್ಸ್‌ರೇ ನಾ ನೋಡೀನಿ."

"ನೀವು ಎಕ್ಸ್‌ರೇ ನೋಡೀರಿ ಡಾಕ್ಟರ್," ಅಂದರು ಗಂಗಾಂಬಿಕಾ, "ನಾ ಮೆಟ್ಟಲಾ ನೋಡೀನಿ."

ಮಾತು ಬಿರುಸಾಯಿತು. ಕೊನೆಗೆ ಒಪ್ಪಂದವಾದದ್ದು ಹೀಗೆ: ಮೊಣಕಾಲು ನೋವೆಂದರೆ ಅಲ್ಲಿಗೇ ನಿಲ್ಲಬೇಕು, ಒಂದು ಮೆಟ್ಟಿಲೂ ಹೆಚ್ಚಿಲ್ಲ. ಗಂಗಾಂಬಿಕಾ ಮಾತು ಕೊಟ್ಟರು. ಮನೆಗೆ ಬಂದು ಬಸವಕುಮಾರ್ ಮುಂದೆ ಮಾತ್ರ ಅಳುಕು ತೋಡಿಕೊಂಡರು. ಈ ಅವ್ವ ಬಸ್ಸಿನಲ್ಲಿ ಕೂತರೆ ನಾಲ್ಕು ವರ್ಷ ಮಾಡಿದ್ದೆಲ್ಲ ನೀರಿನಲ್ಲಿ ಹೋಮ, ಹತ್ತಿಸಲು ಹೋಗಿ ಹೆಚ್ಚುಕಡಿಮೆಯಾದರೆ ಆ ಮಗನಿಗೆ ಹೇಗೆ ಮುಖ ತೋರಿಸುವುದು?

ಜೂನ್ ಹನ್ನೊಂದು, ಮಧ್ಯಾಹ್ನ ಹನ್ನೆರಡೂವರೆ, ಫ್ರಾನ್ಸಿನ ಆ ಕಾಯಿಪಲ್ಲೆ ತೋಟ. ಇಪ್ಪತ್ತೊಂದು ಜನ ಆಗಲೇ ಮೇಲೆ ತಲುಪಿದ್ದಾರೆ. ವಿದ್ಯಾವತಿ ಮತ್ತು ಗಂಗಾಂಬಿಕಾ ಇಬ್ಬರೇ ಕೊನೆಯಲ್ಲಿ. ಇಪ್ಪತ್ತನಾಲ್ಕನೆಯ ಮೆಟ್ಟಿಲಿನ ಬೆಂಚಿನಲ್ಲಿ ಐದು ನಿಮಿಷ ದಣಿವಾರಿಸಿಕೊಂಡದ್ದಾಗಿದೆ. ನಲವತ್ತೆಂಟನೆಯ ಮೆಟ್ಟಿಲಿಗೆ ಬಂದು ನೋಡಿದರೆ, ಅಕ್ಟೋಬರಿನಲ್ಲಿ ಇದ್ದ ಎರಡನೆಯ ಬೆಂಚೇ ಇಲ್ಲ! ಕಲ್ಲಿನ ಮೇಲೆ ನಾಲ್ಕು ಬೋಲ್ಟಿನ ಗುರುತು ಮಾತ್ರ ಉಳಿದಿದೆ. ವಿದ್ಯಾವತಿ ಎರಡೂ ಕೈಯಲ್ಲಿ ಕಂಬಿ ಹಿಡಿದು ನಿಂತುಬಿಡುತ್ತಾರೆ.

"ನೋವೈತೇನ್ರಿ ಅವ್ವಾರ? ಖರೇ ಹೇಳ್ರಿ."

"ನೋವಿಲ್ಲ. ಕಾಲು ಗಡಗಡ ನಡಗಾಕತ್ತಾವ."

ಕೆಳಗೆ ಕೋಸಿನ ಸಾಲಿನಲ್ಲಿ ಕಳೆ ಕೀಳುತ್ತಿದ್ದ ಮಾಲಿಯೊಬ್ಬ ತಲೆಯೆತ್ತಿ ನೋಡುತ್ತಾನೆ. ಏನು ತಿಳಿಯಿತೋ ಏನೋ, ತನ್ನ ಮರದ ಪೆಟ್ಟಿಗೆಯಲ್ಲಿದ್ದ ಸಸಿಗಳನ್ನೆಲ್ಲ ನೆಲಕ್ಕಿಟ್ಟು, ಅದನ್ನು ಹೊತ್ತುಕೊಂಡು ದಡದಡ ಹತ್ತಿ ಬಂದು, ಬೋರಲು ಹಾಕಿ, ಕೂರಿ ಎಂದು ಕೈ ತೋರಿಸುತ್ತಾನೆ. ಅವನದು ಫ್ರೆಂಚು, ಇವರದು ವಿಜಯಪುರದ ಕನ್ನಡ. "ನಿನ್ನ ಹೊಟ್ಟಿ ತಣ್ಣಗಿರ್ಲೋ ತಮ್ಮಾ" ಎಂದು ವಿದ್ಯಾವತಿ ಅವನ ಮಣ್ಣುಗೈ ಹಿಡಿದುಕೊಳ್ಳುತ್ತಾರೆ. ಆ ಮಣ್ಣನ್ನು ಬೆರಳಲ್ಲಿ ತಿಕ್ಕಿ ನೋಡಿ, ಗೊಬ್ಬರ ಛಲೋ ಹಾಕೀರಿ ಎಂದು ತಲೆದೂಗುತ್ತಾರೆ. ಅವನೂ ತಲೆದೂಗುತ್ತಾನೆ.

ಹತ್ತು ನಿಮಿಷ ಕಳೆದರೂ ನಡುಕ ಪೂರ್ತಿ ನಿಂತಿಲ್ಲ. ಗಂಗಾಂಬಿಕಾ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಮನಸ್ಸು ಗಟ್ಟಿ ಮಾಡಿಕೊಂಡು ಹೇಳುತ್ತಾರೆ. "ಸಾಕ್ರಿ ಅವ್ವಾರ. ಇಳಿಯೂಣು. ನಿಮ್ಮ ಮಗಗ ಮಾತು ಕೊಟ್ಟೀನಿ."

"ನೋವಾದ್ರ ಅಂತ ಅಲ್ಲೇನು ಮಾತು? ನೋವಿಲ್ಲ ಅಂತ ಹೇಳೀನಲ್ಲ. ಇನ್ನ ಎಷ್ಟು ಅದಾವು?"

"ಇಪ್ಪತ್ತಾರು."

"ನೀ ಎಣಿಸೀದಿ?"

"ನಾಲ್ಕು ಸಲ ಎಣಿಸೀನ್ರಿ."

"ಮತ್ಯಾಕ ಕುಂತಿ? ಎಷ್ಟು ಅದಾವು ಅಂತ ಗೊತ್ತಿರಲಿಲ್ಲ ಅಂದ್ರ ಅಂಜಿಕಿ. ಗೊತ್ತಾತಲ್ಲ, ಇಪ್ಪತ್ತಾರು. ಎದ್ದೇಳು."

ಎದ್ದರು. ಗಂಗಾಂಬಿಕಾ ಒಂದು ಮೆಟ್ಟಿಲು ಹಿಂದೆ, ಕೈ ಸೊಂಟದ ಹತ್ತಿರ, ಮುಟ್ಟದೆ. ಈ ಸಲ ಎಣಿಸಿದ್ದು ವಿದ್ಯಾವತಿ, ಇಳಿಕೆಯ ಲೆಕ್ಕದಲ್ಲಿ: ಇಪ್ಪತ್ತೈದು, ಇಪ್ಪತ್ನಾಲ್ಕು, ಇಪ್ಪತ್ಮೂರು. ಹತ್ತು ಉಳಿದಾಗ ಜಗಲಿಯ ಮೇಲಿದ್ದವರೆಲ್ಲ ದನಿಗೂಡಿಸಿದರು. ಸೊನ್ನೆ ಅನ್ನುವಾಗ ಅಲ್ಲಿದ್ದ ಜರ್ಮನ್ ಪ್ರವಾಸಿಗಳೂ ಏನೆಂದು ತಿಳಿಯದೆ ಚಪ್ಪಾಳೆ ತಟ್ಟಿದರು.

ವಿದ್ಯಾವತಿ ಗೋಡೆಗೆ ಒರಗಿ ಕೆಳಗೆ ನೋಡಿದರು. ಕೆಂಪು ಕೋಸಿನ ಚೌಕ, ಅದರ ಸುತ್ತ ಗಜ್ಜರಿಯ ಹಸಿರು, ನಡುವೆ ಗುಲಾಬಿ. ಬೆರಳು ಚಾಚಿ ಒಂದೊಂದೇ ಸಾಲು ಗುರುತಿಸಿದರು. ಆಮೇಲೆ ಒಬ್ಬರೇ ಕೆಳದನಿಯಲ್ಲಿ, "ಐವತ್ತು ವರ್ಷ ಬೆಳದೀನಿ. ಹಿಂಗ ಒಮ್ಮೆಯೂ ಮ್ಯಾಲೆ ನಿಂತು ನೋಡಿರಲಿಲ್ಲ" ಎಂದರು.

ಫೋನು ತೆಗೆದು ಮಗನಿಗೆ ವಿಡಿಯೋ ಕಾಲ್ ಹಚ್ಚಿಸಿದರು. ಮಾರಿಸ್‌ವಿಲ್‌ನಲ್ಲಿ ಆಗ ಬೆಳಗಿನ ಏಳು. ಶಶಿಕಾಂತ್ ಕಾಫಿ ಕಪ್ಪು ಹಿಡಿದುಕೊಂಡೇ ಗಾಬರಿಯಾದರು. "ಅವ್ವಾ, ಎಲ್ಲಿದ್ದಿ? ಏನಾತು?"

ವಿದ್ಯಾವತಿ ಹೆಬ್ಬೆರಳು ತೋರುಬೆರಳು ಸೇರಿಸಿ, ಸಾಸಿವೆ ಹಿಡಿಯುವಷ್ಟು ಸಂದು ಬಿಟ್ಟು, ಪರದೆಯ ಮುಂದೆ ಹಿಡಿದರು. "ಬಸ್ಸಿನಾಗ ಕೂಡ್ಸು ಅಂದಿದ್ಯಲ್ಲಪಾ? ನೋಡು, ಇಲ್ಲಿಂದ ನಿನ್ನ ಬಸ್ಸು ಇಷ್ಟ ಕಾಣಾಕತ್ತೈತಿ."

ಡಾಕ್ಟರ್ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು, ಅಕ್ಕಾರಿಗೆ ಫೋನ್ ಕೊಡು ಅಂದರು. ಗಂಗಾಂಬಿಕಾ ತೆಗೆದುಕೊಳ್ಳಲಿಲ್ಲ. ಜಗಲಿಯ ಇನ್ನೊಂದು ತುದಿಗೆ ಹೋಗಿ, ಎಲ್ಲರಿಗೂ ಬೆನ್ನು ಹಾಕಿ, ಸೆರಗಿನಿಂದ ಮುಖ ಒತ್ತಿಕೊಳ್ಳುತ್ತಿದ್ದರು.

ಈಗ ಮತ್ತೆ ಅಕ್ಟೋಬರ್ ಹತ್ತಿರ ಬರುತ್ತಿದೆ. ಇಷ್ಟೆಲ್ಲ ಮಾಡುವುದಕ್ಕೆ ನಿಮಗೇನು ಬೇಕು ಎಂದು ಕೇಳಿದರೆ ಗಂಗಾಂಬಿಕಾ ಮೊದಲು ಬೈಯುತ್ತಾರೆ, ಆಮೇಲೆ ಯೋಚಿಸುತ್ತಾರೆ.

"ನಂಗೂ ಎಂಬತ್ತಾಗ್ತಾವ್ರಿ ಒಂದಿನ. ಅವಾಗ ಯಾರರೆ ಒಬ್ರು, ಯಾರರೆ ಇರವಲ್ರ್ಯಾಕ, ನನ್ನ ಸಲುವಾಗಿ ಮೊದಲ ಹೋಗಿ ಮೆಟ್ಟಲಾ ಎಣಿಸಿ ಬಂದ್ರ ಸಾಕು. ಹತ್ತೂದು ನಾ ಹತ್ತತೀನಿ."